ಬಿಸಿನೀರಿನ ಹದ ಬಲ್ಲ ಉಚ್ಚಂಗೆಮ್ಮ

ಬೆಳಗಿನ ಜಾವ ಐದು ಗಂಟೆ. ಬಿಳಿಚೋಡಿನ ಕೆಳಗಿನ ಓಣಿಯಲ್ಲಿ ನಾಯಿಗಳೂ ಬೂದಿಗುಡ್ಡೆ ಬಿಟ್ಟು ಎದ್ದಿಲ್ಲ. ಹಾಳು ಚಳಿ! ಬಯಲಿನಿಂದ ನುಗ್ಗಿ ಬರುವ ಗಾಳಿಯ ಮುಂದೆ ನನ್ನ ಸ್ವೆಟರು, ಅದರ ಮೇಲಿನ ಶಾಲು, ಪತ್ರಿಕೆಗೆ ಬರೆಯಲು ಬಂದ ನಾನು ಇಳಿದುಕೊಂಡಿರುವ ರೇವಣ್ಣ ಮೇಷ್ಟ್ರ ಮನೆಯಿಂದ ಕಡ ತಂದ ಕಂಬಳಿ ಯಾವುದೂ ಲೆಕ್ಕಕ್ಕಿಲ್ಲ. ಅಂಥದರಲ್ಲಿ ತಟ್ಟಿಯ ಆಚೆ ಒಬ್ಬ ಹೆಂಗಸು ಕಲ್ಲಿನ ಮೇಲೆ ಕೂತು ತಲೆಯ ಮೇಲೆ ತಣ್ಣೀರು ಸುರಿದುಕೊಳ್ಳುತ್ತಿದ್ದಾರೆ. ಒಂದು ತಂಬಿಗೆ, ಎರಡು, ಮೂರು. ಹಲ್ಲು ಕಟಕಟ ಅನ್ನುವುದು ಈಚೆ ನಿಂತ ನನಗೂ ಕೇಳಿಸುತ್ತದೆ.

"ಒಂದಿಷ್ಟು ಕಾಯಿಸಿಕೊಳ್ಳಬಾರದೇನಮ್ಮ?" ಎಂದು ಕೂಗಿ ಕೇಳುತ್ತೇನೆ.

"ಒಂದು ಜೀವಕ್ಕೆ ಒಂದು ಒಲೆ ಹಚ್ಚಾದೇನವ್ವಾ? ಕುಳ್ಳು ಏನು ಮ್ಯಾಲಿಂದ ಉದುರ್ತಾವಾ?" ಎನ್ನುತ್ತಾರೆ, ನಡುಗುವ ದನಿಯಲ್ಲೇ.

ಇವರು ಉಚ್ಚಂಗೆಮ್ಮ. ವಯಸ್ಸು ಅರವತ್ತರ ಆಸುಪಾಸು. ಕೆಲಸ, ಊರಿನ ಬಾಣಂತಿಯರಿಗೆ ಮತ್ತು ಹಸುಗೂಸುಗಳಿಗೆ ನೀರು ಹಾಕುವುದು. ಕೂಸನ್ನು ಮುಟ್ಟುವ ಮೊದಲು ತಾವು ಮೈ ತೊಳೆದಿರಬೇಕು ಎನ್ನುವುದು ಅವರೇ ಹಾಕಿಕೊಂಡ ಕಟ್ಟಳೆ. ಹಾಗಾಗಿ ಊರಿಗೆಲ್ಲ ಬಿಸಿನೀರು ಎರೆಯುವ ಈ ಹೆಂಗಸು ಮೂವತ್ತು ವರ್ಷದಿಂದ ದಿನಾ ತಣ್ಣೀರು ಮಿಂದೇ ಮನೆ ಬಿಡುತ್ತಾರೆ. ಬೇಸಿಗೆಯಲ್ಲಾದರೆ ಸರಿ. ಈ ವರ್ಷದ ಜನವರಿಯಲ್ಲಿ, ತೊಟ್ಟಿಯ ನೀರಿಗೆ ಬೆರಳಿಟ್ಟರೆ ಚೇಳು ಕಡಿದ ಹಾಗಾಗುತ್ತದೆ.

ಅವರ ತವರು ಸೂಳೆಕೆರೆಯ ದಂಡೆಯ ಒಂದು ಹಳ್ಳಿ. "ನಮ್ಮೂರಾಗೆ ನೀರು ಅಂದ್ರೆ ಸಮುದ್ರ ಕಣವ್ವಾ. ಇಲ್ಲಿಗೆ ಬಂದು ಮೊದಲ್ನೇ ದಿನ ಎರಡು ಕೊಡ ನೀರಾಗೆ ಇಡೀ ಮನೆ ಮೈ ತೊಳಿಯಾದು ನೋಡಿ ಅತ್ತುಬಿಟ್ಟೆ" ಎಂದು ನಗುತ್ತಾರೆ. ಗಂಡ ದಾಸಪ್ಪ ಕುರಿ ಕಾಯುತ್ತಿದ್ದವರು. ಮದುವೆಯಾದ ಆರನೇ ವರ್ಷ ಕಾಮಾಲೆಯಲ್ಲಿ ಹೋದರು. ಮಕ್ಕಳಿಲ್ಲ. ಅತ್ತೆ ಇದೇ ಕೆಲಸ ಮಾಡುತ್ತಿದ್ದರು, ಅವರು ಹಾಸಿಗೆ ಹಿಡಿದ ಮೇಲೆ ಸೊಸೆಯ ಕೈಗೆ ಬಂತು. ಅತ್ತೆ ಹೋಗಿಯೂ ಇಪ್ಪತ್ತು ವರ್ಷವಾಯಿತು. ಮನೆಯಲ್ಲಿ ಈಗ ಮಾತಾಡುವ ಇನ್ನೊಂದು ದನಿಯಿಲ್ಲ.

ಕೆಲಸವೇನು ಸಣ್ಣದಲ್ಲ. ಕೂಸು ಹುಟ್ಟಿದ ಐದನೇ ದಿನದಿಂದ ಮೂರು ತಿಂಗಳು ದಿನಾ ಹೋಗಬೇಕು. ಕೂಸಿಗೆ ಎರಡು ಕೊಡ, ತಾಯಿಗೆ ಏಳು ಕೊಡ. ಹಂಡೆಗೆ ನೀರು ತುಂಬಿ, ಹತ್ತಿಕಡ್ಡಿ ತುರುಕಿ ಉರಿ ಹಾಕುವುದೂ ಅವರೇ. ಮೊದಲೆಲ್ಲ ದಿನಕ್ಕೆ ನಾಲ್ಕು ಮನೆ ಆಗುತ್ತಿತ್ತು. ಈಗ ಕೆಲವರು ಆಸ್ಪತ್ರೆಯಲ್ಲಿ ಹೆತ್ತು ತಿಂಗಳೊಪ್ಪತ್ತಿಗೇ ಗಂಡನ ಮನೆ ಸೇರುವುದರಿಂದ ಎರಡು ಮನೆ ಸಿಕ್ಕರೆ ಹೆಚ್ಚು. ಕೊಡುವುದು ಜೋಳ, ಒಂದು ಗಿಟುಕು ಕೊಬ್ಬರಿ, ಮೂರು ತಿಂಗಳು ಮುಗಿದಾಗ ಹಳೇ ಸೀರೆ. ಇಲ್ಲಿಯ ತನಕ ಎಷ್ಟು ಕೂಸಿಗೆ ನೀರು ಹಾಕಿರಬಹುದು ಎಂದರೆ ಕೆನ್ನೆ ಬಡಿದುಕೊಳ್ಳುತ್ತಾರೆ. "ಅಯ್ಯಯ್ಯ, ಕೂಸು ಎಣಿಸ್ತಾರಾ ಯಾರಾದ್ರೂ! ದೃಷ್ಟಿ ಆಗ್ತೈತೆ."

ಮಾತಾಡುತ್ತಲೇ ಒದ್ದೆ ಕೂದಲನ್ನು ಗಂಟು ಹಾಕಿ, ಹರಿದ ಕಂಬಳಿ ಹೊದ್ದು ಹೊರಡುತ್ತಾರೆ. ಇವತ್ತು ಹೋಗಬೇಕಾಗಿರುವುದು ಮೇಲಿನ ಓಣಿಯ ಅಜ್ಜಮ್ಮನ ಮನೆಗೆ. ಅಜ್ಜಮ್ಮನ ಮಗಳು ಅಂಜಿನಮ್ಮನಿಗೆ ಗಂಡುಕೂಸು, ಇಂದಿಗೆ ಐದು ದಿನ. ಹೊರಟವರು ಬಾಗಿಲಿಗೆ ಚಿಲಕ ಹಾಕುತ್ತ ಸ್ವಲ್ಪ ಹೊತ್ತು ನಿಂತುಬಿಟ್ಟರು. ಹದಿನೆಂಟು ದಿನದ ಮೇಲೆ ಇವರನ್ನು ಕರೆದಿರುವ ಮೊದಲ ಮನೆ ಇದು. ಯಾಕೆ ಹದಿನೆಂಟು ದಿನ ಎಂದು ನಾನು ಕೇಳಲಿಲ್ಲ, ಮೇಷ್ಟ್ರ ಮನೆಯಲ್ಲಿ ಆಗಲೇ ಕಿವಿಗೆ ಬಿದ್ದಿತ್ತು. ದಾರಿಯಲ್ಲಿ ಅವರೇ ಬಾಯಿ ಬಿಡುತ್ತಾರೆ.

"ನಿಂಗೂ ಹೇಳಿರ್ತಾರೆ ಬಿಡು. ಗೋಣೆಪ್ಪನ ಮನೆ ಕೂಸಿಂದು."

ಅಮಾವಾಸ್ಯೆಯ ಮರುದಿನ ನಡೆದದ್ದು. ಹಿಂದೆಂದೂ ಕಾಣದಂಥ ಈ ಚಳಿ ಏರಿದ ಮೊದಲ ವಾರ. ಗೋಣೆಪ್ಪನವರ ಮನೆಯಲ್ಲಿ ಹನ್ನೊಂದು ದಿನದ ಹೆಣ್ಣುಕೂಸು. ಉಚ್ಚಂಗೆಮ್ಮ ಎಂದಿನ ಹಾಗೆ ಹಂಡೆಯ ನೀರು ತೋಡಿ, ಮೊಳಕೈ ಅದ್ದಿ ನೋಡಿದರು. ಸುಡುತ್ತಿದೆ ಅನ್ನಿಸಿತು. ತಣ್ಣೀರು ಬೆರೆಸಿದರು. ಮತ್ತೆ ಅದ್ದಿದರು, ಇನ್ನೂ ಸುಡುತ್ತಿದೆ. ಮತ್ತೊಂದು ತಂಬಿಗೆ ಬೆರೆಸಿದರು. ಕೂಸಿನ ಮೈಮೇಲೆ ನೀರು ಬಿದ್ದದ್ದೇ ತಡ, ಅಳುವುದನ್ನೂ ಮರೆತು ಬಾಯಿ ತೆರೆದೇ ಉಳಿಯಿತು. ತುಟಿ ನೀಲಿಯಾಯಿತು. ಜಗಳೂರಿನ ಆಸ್ಪತ್ರೆಯಲ್ಲಿ ನಾಲ್ಕು ದಿನ ಇಟ್ಟುಕೊಂಡು ಉಳಿಸಿ ಕಳಿಸಿದರು. ಕೂಸು ಈಗ ಚೆನ್ನಾಗಿದೆ. ಗೋಣೆಪ್ಪನವರು ಒಂದು ಮಾತೂ ಬೈಯಲಿಲ್ಲ, ಕರೆಯುವುದನ್ನು ಬಿಟ್ಟರು, ಅಷ್ಟೆ.

"ಬೈದಿದ್ರೆ ಚಲೋ ಇತ್ತು ಕಣವ್ವಾ" ಎನ್ನುತ್ತಾರೆ ಉಚ್ಚಂಗೆಮ್ಮ. "ಊರಾಗೆ ಏನಂದ್ರು ಗೊತ್ತಾ? ಉಚ್ಚಂಗೆಮ್ಮನ ಕೈಯಾಗೆ ಚಳಿ ಕುಂತೈತೆ ಅಂದ್ರು. ಬಾವಿತಾವ ಹೋದ್ರೆ ಬಸುರಿ ಹೆಂಗಸ್ರು ಸೆರಗು ಎಳ್ಕೊಂಡು ಆಕಡೆ ಸರಿಯಾರು. ಅವ್ರಿಗೆಲ್ಲ ನಾನೇ ನೀರು ಹಾಕಿ ಬೆಳೆಸೀನಿ, ಈ ಕಾಲ ಮ್ಯಾಲೆ ಮಲಗಿಸ್ಕೊಂಡು."

ಆ ಹದಿನೆಂಟು ದಿನ ಅವರು ಮನೆಯಲ್ಲಿ ಕೂತು ಒಂದೇ ಯೋಚನೆ ಮಾಡಿದರಂತೆ. ತಪ್ಪಿದ್ದು ಎಲ್ಲಿ? ಮೂವತ್ತು ವರ್ಷ ತಪ್ಪದ ಮೊಳಕೈ ಈಗ ಯಾಕೆ ತಪ್ಪಿತು? ಒಂದು ದಿನ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರಿಟ್ಟುಕೊಂಡರು. ಬಲಗೈಯನ್ನು ಕಂಕುಳಲ್ಲಿ ಇಟ್ಟು ಬೆಚ್ಚಗೆ ಮಾಡಿಕೊಂಡರು, ಎಡಗೈಯನ್ನು ಹೊರಗಿನ ಚಳಿಗೆ ಒಡ್ಡಿದರು. ಆಮೇಲೆ ಎರಡನ್ನೂ ಒಟ್ಟಿಗೆ ಅದ್ದಿದರು.

"ಒಂದೇ ನೀರು ಕಣವ್ವಾ! ಈ ಕೈ ಸುಡ್ತೈತೆ ಅಂತು, ಈ ಕೈ ತಣ್ಣಗೈತೆ ಅಂತು. ನಾನು ತಣ್ಣೀರು ಮಿಂದು, ಗಾಳಿಯಾಗೆ ನಡ್ಕೊಂಡು ಹೋಗಿ, ಕಲ್ಲಾದ ಕೈ ಅದ್ದಿದ್ರೆ ಅದೇನು ಹದ ಹೇಳೀತು? ಕೈಯಾಗೆ ಚಳಿ ಕುಂತೈತೆ ಅಂದ್ರಲ್ಲ, ಊರಾರು ಹೇಳಿದ್ದು ನಿಜವೇ. ತಪ್ಪು ನಂದೇ. ಹಂಗಂತಾನೆ ಬರಿ ನಿನ್ ಪೇಪರ್‌ನಾಗೆ."

ನಾಲ್ಕಕ್ಷರ ಕಲಿತ ನಾವಾಗಿದ್ದರೆ ಇಷ್ಟು ಹೊತ್ತಿಗೆ ಹಂಡೆಯದೋ ಗಾಳಿಯದೋ ತಪ್ಪು ಅಂದಿರುತ್ತಿದ್ದೆವು.

ಆದರೆ ಕಾರಣ ತಿಳಿದರೆ ಮುಗಿಯಲಿಲ್ಲ. ನೀರಿನ ಹದ ನೋಡುವ ಮೊದಲು ಕೈ ಬೆಚ್ಚಗಾಗಬೇಕು. ಹಂಡೆಯ ಒಲೆಗೇ ಕೈ ಒಡ್ಡಬಹುದಲ್ಲ ಎಂದೆ. ಬಾಣಂತಿ ಇರುವ ಮನೆಯಲ್ಲಿ ಹಂಡೆಯ ಉರಿಯಾಗಲಿ, ಅವಳ ಹೊರಸಿನ ಕೆಳಗಿನ ಕೆಂಡವಾಗಲಿ, ಅದು ಅವಳದೇ ಬೆಂಕಿ. ಹೊರಗಿನಿಂದ ಬಂದವರು ಅದಕ್ಕೆ ಕೈ ಒಡ್ಡಿದರೆ ತಾಯಿ ಕೂಸಿನ ಕಾವನ್ನು ಎಳೆದುಕೊಂಡ ಹಾಗೆ ಎಂದು ಈ ಕಡೆಯ ನಂಬಿಕೆ. ಮೂವತ್ತು ವರ್ಷ ಉರಿಯ ಪಕ್ಕದಲ್ಲೇ ಕೆಲಸ ಮಾಡಿದ ಉಚ್ಚಂಗೆಮ್ಮ ಒಮ್ಮೆಯೂ ಅದರಲ್ಲಿ ಕೈ ಕಾಯಿಸಿಕೊಂಡಿಲ್ಲ. ಕೇಳಿಯೂ ಇಲ್ಲ. ಇವತ್ತು ಕೇಳಲೇಬೇಕು. ಅದೂ, ಅನುಮಾನದಿಂದಲೇ ಕರೆದಿರುವ ಮನೆಯಲ್ಲಿ.

ಅಜ್ಜಮ್ಮ ಬಾಗಿಲಲ್ಲೇ ನಿಂತಿದ್ದಾರೆ. ಅವರ ಬಲಗೈಗೆ ಪಟ್ಟಿ, ಕಣದಲ್ಲಿ ಬಿದ್ದು ಮಣಿಕಟ್ಟು ಮುರಿದಿದೆ. ಇಲ್ಲದಿದ್ದರೆ ಮೊಮ್ಮಗನಿಗೆ ತಾವೇ ನೀರು ಹಾಕುತ್ತಿದ್ದರು ಎನ್ನುವುದು ಮುಖದಲ್ಲೇ ಗೊತ್ತಾಗುತ್ತದೆ.

"ನೀರು ನೋಡ್ಕೊಂಡು ಹಾಕಕ್ಕಾ" ಎನ್ನುತ್ತಾರೆ.

ಉಚ್ಚಂಗೆಮ್ಮ ಹೊಸಿಲು ದಾಟುವುದಿಲ್ಲ. ಕಂಬಳಿಯೊಳಗಿಂದ ಎರಡೂ ಕೈ ಈಚೆ ತೆಗೆದು ಚಾಚುತ್ತಾರೆ. ಬೆರಳ ತುದಿಗಳು ಬೆಳ್ಳಗಾಗಿವೆ.

"ಅಜ್ಜಮ್ಮಾ, ಮುಟ್ಟಿ ನೋಡು. ಕಲ್ಲಾಗೇವೆ. ಇವನ್ನ ನಂಬಿ ನೀರು ಹಾಕಾಕೆ ಆಗಾದಿಲ್ಲ. ಆವತ್ತು ಗೋಣೆಪ್ಪನ ಮನ್ಯಾಗೆ ಆದದ್ದೂ ಇದೇ. ಒಂದೀಟು ಬೆಂಕಿ ಕಾಯಾಕೆ ಬಿಡು. ಇಲ್ಲಾಂದ್ರೆ ನಾನು ಹಿಂಗೇ ತಿರುಗಿ ಹೋಗ್ತೀನಿ."

ಅಜ್ಜಮ್ಮ ಆ ಬೆರಳುಗಳನ್ನು ಮುಟ್ಟಿ ನೋಡುತ್ತಾರೆ. ಒಳಗೆ ಕೂಸು ಕುಸುಗುಡುತ್ತಿದೆ. ತಪ್ಪೊಪ್ಪಿಕೊಂಡವರನ್ನು ಒಳಗೆ ಬಿಡುವುದೋ ಕಳಿಸುವುದೋ, ಅವರಿಗೆ ದಿಕ್ಕು ತೋಚುತ್ತಿಲ್ಲ. ಯಾಕೋ ಈ ಮುದುಕಿ ಹಿಂದಿರುಗಿ ಹೋಗಬಾರದು ಎಂದು ನಾನು ದೇವರನ್ನು ಬೇಡಿಕೊಳ್ಳುತ್ತಿದ್ದೇನೆ.

ಕತ್ತಲ ಕೋಣೆಯಿಂದ ಅಂಜಿನಮ್ಮನ ದನಿ ಬರುತ್ತದೆ. "ಯವ್ವಾ, ಏನು ನೋಡ್ತೀಯ? ಕೂಸಿಗೆ ತಾಗೋ ಕೈ ಅದು, ಬೆಚ್ಚಗಿರ್ಲಿ. ನನ್ನ ಕೆಂಡಾನೇ ಕೊಡು."

ಅಜ್ಜಮ್ಮ ಮಗಳ ಕೆಂಡ ಕೊಡುವುದಿಲ್ಲ. ಆದರೆ ಅಡುಗೆ ಒಲೆಯಿಂದ ಎಡಗೈಯಲ್ಲೇ ನಾಲ್ಕು ಕೆಂಡ ಇಕ್ಕಳದಲ್ಲಿ ತಂದು, ಬಾಯಿ ಮುರಿದ ಮಡಕೆಗೆ ಹಾಕಿ ಜಗುಲಿಯ ಮೇಲಿಡುತ್ತಾರೆ. ಉಚ್ಚಂಗೆಮ್ಮ ಹೊರಗೆ ಒಬ್ಬರೇ ಕುಕ್ಕುರುಗಾಲಲ್ಲಿ ಕೂತು ಕೈ ಒಡ್ಡುತ್ತಾರೆ. ಅಂಗೈ, ಮುಂಗೈ, ಕೊನೆಗೆ ಮೊಳಕೈ. ಬೆರಳಿಗೆ ಬಣ್ಣ ಬರುವ ತನಕ ಏಳುವುದಿಲ್ಲ.

ಆಮೇಲಿನದು ನೋಡಲು ಕಣ್ಣೆರಡು ಸಾಲವು. ಬಚ್ಚಲ ಮಣೆಯ ಮೇಲೆ ಕೂತು ಕಾಲು ನೀಡುತ್ತಾರೆ. ಮೊಣಕಾಲಿನ ಕೆಳಗೆ ಇಬ್ಬದಿಯ ಚರ್ಮ ಬಿಸಿನೀರಿಗೆ ಕಪ್ಪಗಾಗಿ ಹೊಳೆಯುತ್ತಿದೆ. ಆ ಕಾಲಿನ ಮೇಲೆ ಕೂಸನ್ನು ಬೋರಲು ಮಲಗಿಸಿ, ಹರಳೆಣ್ಣೆ ತಿಕ್ಕಿ, ನೀರಿಗೆ ಮೊಳಕೈ ಅದ್ದುತ್ತಾರೆ. ಒಮ್ಮೆ, ಎರಡು ಸಲ, ಮೂರು ಸಲ. ಹಿಂದೆ ಒಂದೇ ಸಲ ಅದ್ದುತ್ತಿದ್ದರಂತೆ. ಮೊದಲ ತಂಬಿಗೆ ಬಿದ್ದಾಗ ಅಜ್ಜಮ್ಮ ಬಗ್ಗಿ ಕೂಸಿನ ತುಟಿಯನ್ನೇ ನೋಡುತ್ತಿದ್ದಾರೆ. ಕೂಸು ಒಮ್ಮೆ ಮುಲುಗಿ, ಬೆನ್ನು ಸಡಿಲ ಬಿಟ್ಟು, ಮೂರನೇ ತಂಬಿಗೆಗೆ ಆಕಳಿಸಿತು. ಒರೆಸಿ, ಲೋಬಾನದ ಹೊಗೆ ಹಾಕಿ, ಬಟ್ಟೆ ಸುತ್ತುವ ಹೊತ್ತಿಗೆ ನಿದ್ದೆ ಹೋಗಿದೆ.

ತಾಯಿಗೂ ಏಳು ಕೊಡ ಸುರಿದಾಯಿತು. ಹೊರಡುವಾಗ ಅಜ್ಜಮ್ಮ ಜಗುಲಿಯ ಮಡಕೆಗೆ ಇನ್ನೆರಡು ಕೆಂಡ ಹಾಕಿ ಕೈಗೆ ಕೊಡುತ್ತಾರೆ. "ಇದು ನಿಮ್ಮನ್ಯಾಗೇ ಇರ್ಲಕ್ಕಾ. ನಾಳೆ ಕೈ ಕಾಯಿಸ್ಕೊಂಡೇ ಬಾ." ಹೊರಗಿನ ಕೈ ತಮ್ಮ ಮನೆಯ ಬೆಂಕಿಗೆ ಬರುವುದು ಬೇಡ ಎನ್ನುವ ಮಾತೂ ಅದರಲ್ಲಿದೆ. ಉಚ್ಚಂಗೆಮ್ಮನಿಗೆ ಅದು ತಿಳಿಯದೇ ಇಲ್ಲ. ಆದರೂ ಓಣಿಯುದ್ದಕ್ಕೂ "ನಾಳೆ ಅಂದ್ಲು, ಕೇಳಿದ್ಯಾ?" ಎಂದು ಎರಡು ಸಲ ನನ್ನನ್ನು ಕೇಳುತ್ತಾರೆ. ಗೋಣೆಪ್ಪನವರ ಬಾಗಿಲ ಮುಂದೆ ಮಾತ್ರ ತಲೆ ತಗ್ಗಿಸಿ ಬೇಗ ಬೇಗ ನಡೆಯುತ್ತಾರೆ. ಒಳಗೆ ಕೂಸಿನ ಅಳು ಕೇಳಿಸುತ್ತದೆ.

ಮನೆ ಸೇರಿದಾಗ ಎಳೆಬಿಸಿಲು ಬಿದ್ದಿದೆ. ಮಡಕೆಯನ್ನು ನಡುಮನೆಯಲ್ಲಿಟ್ಟು, ಕೆಂಡದ ಮೇಲೆ ಬೂದಿ ಮುಚ್ಚಿ, ಎದುರಿಗೆ ಕೂರುತ್ತಾರೆ. ಎದುರು ಗೋಡೆಗೆ ಅತ್ತೆಯ ಹಳೇ ತಂಬಿಗೆ ಒರಗಿದೆ. ಇಷ್ಟು ವರ್ಷ ಊರಿಗೆ ನೀರು ಹಾಕಿದಿರಿ, ನಿಮಗೇನಾದರೂ ಆಸೆ ಇದೆಯಾ ಎಂದು, ನಮ್ಮಂಥವರು ಕೇಳುವ ಪ್ರಶ್ನೆಯನ್ನೇ ನಾನೂ ಕೇಳುತ್ತೇನೆ.

ಕೆಂಡದ ಮೇಲಿನ ಬೂದಿ ಸರಿಮಾಡುತ್ತ ಹೇಳುತ್ತಾರೆ. "ಸತ್ತ ದಿನ ಓಣಿ ಓಣೀನೇ ಬಂದು ಬಿಸಿನೀರು ಹಾಕ್ತಾರೆ, ಅದ್ರಾಗೆ ಕಡಿಮೆ ಇಲ್ಲ. ಆದ್ರೆ ಗೊತ್ತಾಗ್ಬೇಕಲ್ಲವ್ವಾ! ಜೀವ ಇದ್ದಾಗ ಒಂದಿನ ಯಾರಾರ ಬೆನ್ನಿಗೆ ಒಂದು ತಂಬಿಗೆ ಹಾಕಿದ್ರೆ, ಹದ ಸರಿ ಐತೋ ಇಲ್ವೋ ಹೇಳಾಕಾದ್ರೂ ಆಗ್ತಿತ್ತು."

ನನ್ನ ಎರಡೂ ಕೈ ಶಾಲಿನೊಳಗೆ ಬೆಚ್ಚಗಿವೆ. ಜಗಳೂರಿನ ಬಸ್ಸು ಎಂಟಕ್ಕೆ. ನಾನು ಗಡಿಯಾರ ನೋಡಿಕೊಂಡದ್ದು ಅವರ ಕಣ್ಣಿಗೆ ಬೀಳುತ್ತದೆ.

"ಹೋಗವ್ವಾ, ಬಸ್ಸು ತಪ್ಪೀತು" ಎಂದು ಅವರೇ ಏಳುತ್ತಾರೆ. "ನಾಳೆ ನಂಗೂ ಕೆಲಸ ಐತೆ."