ಬೀಳುವ ಮೊದಲೇ ದಾರಿ ಬಲ್ಲವಳು

ಬೆಳಕು ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ಹೊರಗೆ ಬಯಲಿನಲ್ಲಿ ಎಲ್ಲರೂ ಕತ್ತೆತ್ತಿ ನಿಂತಿದ್ದಾರೆ. ಕಿಟಕಿಯಿಲ್ಲದ ಕೋಣೆಯಲ್ಲಿ ಅವಳೊಬ್ಬಳೇ ಶಾಲು ಹೊದ್ದು ಪರದೆಯ ಮುಂದೆ ಕೂತಿದ್ದಾಳೆ. ಜೊತೆಯವರ ಬಾಯಲ್ಲಿ ಅವಳು ‘ಜೋಯಿಸಮ್ಮ’. ಪರೀಕ್ಷೆಗೆ ಹಾರಿಸಿದ ಕ್ಷಿಪಣಿ ಗಾಳಿ ಸೀಳಿ ಹೇಗೆ ಏರುತ್ತದೆ, ಎಲ್ಲಿ ಬಾಗುತ್ತದೆ, ಎಲ್ಲಿಗೆ ಬಂದು ಬೀಳುತ್ತದೆ ಎಂದು ಮೊದಲೇ ಲೆಕ್ಕ ಕಟ್ಟಿ, ರೇಡಾರಿಗೆ ದಾರಿ ಹೇಳುವುದು ಅವಳ ಕೆಲಸ.

“ರೇಡಾರ್‌ಗೆ ಕಣ್ಣೇನೋ ಇದೆ. ಆದ್ರೆ ಬಾಗಿಲ ಸಂದಿಯಿಂದ ನೋಡಿದ ಹಾಗೆ, ಅಷ್ಟೇ ಕಾಣೋದು. ಮುಂದೆ ಎಲ್ಲಿ ನೋಡ್ಬೇಕು ಅಂತ ಯಾರಾದ್ರೂ ಹೇಳ್ತಾ ಇರ್ಬೇಕು,” ಎನ್ನುತ್ತಾಳೆ.

ಹೋದ ಸಲ ಹೇಳಿದ್ದು ತಪ್ಪಿತ್ತು. ಆಕಾಶದಲ್ಲಿ ಕಳಚಿಕೊಳ್ಳುವ ಖಾಲಿ ಕವಚ, ಮುಂದೆ ಸಾಗುವ ಭಾರದ ತುಂಡು, ಎರಡೂ ಪರದೆಯ ಮೇಲೆ ಅವಳಿ ಮಕ್ಕಳಂಥ ಬಿಂದುಗಳು. ಕವಚ ಗಾಳಿಯಲ್ಲಿ ಲಾಗ ಹಾಕುತ್ತದೆ ಎನ್ನುವುದನ್ನು ಅವಳು ಲೆಕ್ಕಕ್ಕೆ ಹಿಡಿದಿರಲಿಲ್ಲ. ರೇಡಾರ್ ಜೊಳ್ಳಿನ ಬೆನ್ನು ಹತ್ತಿತು, ಕಾಳು ಕಣ್ತಪ್ಪಿಸಿಕೊಂಡಿತು.

“ಅಜ್ಜಿ ಕೇರೋವಾಗ ದಿನಾ ನೋಡಿದ್ದೆ. ಹಗುರ ಇರೋದೇ ಮೊದ್ಲು ಸುಸ್ತಾಗೋದು. ಇಷ್ಟು ಓದಿ ಅದನ್ನೇ ಮರೆತೆ!”

ಈ ಸಲ ಲಾಗವನ್ನೂ ಲೆಕ್ಕಕ್ಕೆ ಸೇರಿಸಿ, ಬೀಳುವ ದಾರಿಯನ್ನು ಪರದೆಯ ಮೇಲೆ ಗೆರೆಯಾಗಿ ಎಳೆದಿದ್ದಾಳೆ. ಇವತ್ತೂ ತಪ್ಪಿದರೆ ಅವಳ ಲೆಕ್ಕವನ್ನು ಕೈಬಿಡುತ್ತಾರೆ. ಇಷ್ಟು ವರ್ಷದ ದುಡಿಮೆ ನೀರಿನಲ್ಲಿ ಮಾಡಿದ ಹೋಮ. ಮನೆಯಲ್ಲಿ ಹೇಳಿಕೊಳ್ಳುವಂತಿಲ್ಲ, ಕೆಲಸವೇ ಬಾಯಿಗೆ ಬೀಗ ಹಾಕುವಂಥದ್ದು. ಅಕ್ಕ ಫೋನಿನಲ್ಲಿ ಕಿಚಾಯಿಸುತ್ತಾಳೆ: “ಅದೇನು ಕಡಿದು ಕಟ್ಟೆ ಹಾಕ್ತೀಯೇ ಅಲ್ಲಿ? ಒಲೆ ಮೇಲಿನ ಹಾಲು ಉಕ್ಕೋದೇ ನಿಂಗೆ ಗೊತ್ತಾಗಲ್ಲ!” ಅವಳು ನಗುತ್ತಾಳೆ. ಫೋನಿಟ್ಟ ಮೇಲೆ ಕೋಣೆ ಇನ್ನಷ್ಟು ದೊಡ್ಡದಾಗುತ್ತದೆ.

ಹೊರಗೆ ಗುಡುಗಿದ ಸದ್ದು. ಗೋಡೆ ಅದುರುತ್ತದೆ. ಪರದೆಯಲ್ಲಿ ಬಿಂದು ಏರುತ್ತದೆ, ಏರಿ ಎರಡಾಗುತ್ತದೆ. ಪಕ್ಕದ ಕೋಣೆಯಲ್ಲಿ ರೇಡಾರ್ ನಡೆಸುವಾತ ಕೂಗುತ್ತಾನೆ:

“ಜೋಯಿಸಮ್ಮ, ಯಾವ್ದು? ಬೇಗ ಹೇಳಿ!”

ಒಂದು ಬಿಂದು ಲಾಗ ಹಾಕುವಂತೆ ಮಿಣುಕುತ್ತ, ಏದುಸಿರು ಬಿಟ್ಟಂತೆ ತುಸುವೇ ಹಿಂದುಳಿಯುತ್ತದೆ.

“ಮಿಣುಕೋದನ್ನ ಬಿಟ್ಬಿಡಿ. ಇನ್ನೊಂದು. ನನ್ನ ಗೆರೆ ಮೇಲೇ ಇರಿ.”

ರೇಡಾರ್ ತಿರುಗುತ್ತದೆ. ಬಿಂದು ಅವಳು ಎಳೆದ ಗೆರೆಯ ಮೇಲೆಯೇ, ಮನೆಯ ದಾರಿ ಗೊತ್ತಿರುವ ಮಗುವಿನ ಹಾಗೆ, ನೆಲದವರೆಗೂ ಇಳಿದು ಬರುತ್ತದೆ. ಹೊರಗೆ ಚಪ್ಪಾಳೆ.

ಯಾರೋ ಬಾಗಿಲಲ್ಲಿ ಇಣುಕಿ, “ಅಬ್ಬಾ, ಏನು ಚೆಂದ ಹೋಯ್ತು! ನೀವು ನೋಡ್ಲಿಲ್ವಾ?” ಎಂದು, ಉತ್ತರಕ್ಕೆ ಕಾಯದೆ ಹೋಗುತ್ತಾರೆ.

“ಒಂದ್ಸಲ ನಾನೂ ಹೊರಗೆ ನಿಲ್ಬೇಕು,” ಎನ್ನುತ್ತಾಳೆ ಅವಳು, ಶಾಲು ಮಡಚುತ್ತ. “ಎಲ್ಲಿ ಬೀಳತ್ತೆ ಅಂತ ಗೊತ್ತಿಲ್ದೋರ ಹಾಗೆ ನೋಡ್ಬೇಕು.”