ಹಸಿ ಬಿದಿರು

ಸಂಡೂರಿನ ಗುಡ್ಡದಿಂದ ಹೊಸಪೇಟೆ ಕಡೆಗೆ ಇಳಿಯುವ ಗಾಡಿದಾರಿಯನ್ನು ಕಾಡಿನ ಗೇಟಿನ ಹತ್ತಿರ ಅಡ್ಡಲಾಗಿ ಅಗೆದುಬಿಟ್ಟಿದ್ದಾರೆ. ಬೇಸಿಗೆಯಲ್ಲಿ ದೊರೆಗಳು ಇಲ್ಲಿಗೆ ಶಿಕಾರಿಗೆ, ತಿರುಗಾಟಕ್ಕೆ ಬರುತ್ತಾರೆ. ಗಾಡಿಯ ಸದ್ದು ಅವರಿಗೆ ಆಗದು. ಪರವಾನಗಿ ಚೀಟಿ ಹಿಡಿದು ಕಾಡು ಸುತ್ತಲು ಬಂದ ನನಗೂ, ಸುಳ್ಳೇಕೆ ಹೇಳಲಿ, ಬೆಳಗಿನಿಂದ ಆ ಮೌನ ಹಿತವಾಗಿಯೇ ಇತ್ತು.

ಗೇಟಿನಲ್ಲಿ ಗಾರ್ಡು ನಾಲ್ವರನ್ನು ತಡೆದು ನಿಲ್ಲಿಸಿದ್ದ. ಅವರು ಬಿದಿರಿನ ಗಳಕ್ಕೆ ಕಂಬಳಿ ಕಟ್ಟಿ, ಎರಡು ದಿನದಿಂದ ಹೆರಿಗೆಯಾಗದೆ ನರಳುತ್ತಿದ್ದ ಹೆಂಗಸನ್ನು ಅದರಲ್ಲಿ ಮಲಗಿಸಿ ಹೊಸಪೇಟೆಯ ಆಸ್ಪತ್ರೆಗೆ ಹೊತ್ತು ಹೊರಟಿದ್ದರು.

“ಹೆಂಗಸನ್ನ ಒಯ್ರಿ, ನಾ ಬ್ಯಾಡ ಅಂದಿಲ್ಲ,” ಎಂದ ಗಾರ್ಡು. “ಗಳ ಇಟ್ಟು ಹೋಗ್ರಿ. ಈ ಕಾಡಾಗ ಹಸಿ ಬಿದಿರು ಕಡಿಯಂಗಿಲ್ಲ.”

“ಗಾಡಿ ಬರಂಗಿಲ್ಲಲ್ರಿ ಯಪ್ಪಾ, ಮತ್ತ ಹೆಂಗ ಒಯ್ಯೂದು?” ಎಂದು ಅವಳ ಗಂಡ ಕೈಮುಗಿದ. “ತಿರುಗಿ ಬರೂವಾಗ ಗಳ ಇಲ್ಲೇ ತಂದು ಇಡ್ತೀವ್ರಿ.”

ಗಾರ್ಡು ಗಳ ಬಿಚ್ಚಿಸಿ ತನ್ನ ಚೌಕಿಯ ಗೋಡೆಗೆ ಒರಗಿಸಿದ. ನಾಲ್ವರೂ ಕಂಬಳಿಯ ಒಂದೊಂದು ಮೂಲೆ ಹಿಡಿದರು. ಹತ್ತು ಹೆಜ್ಜೆಗೊಮ್ಮೆ ಅವಳನ್ನು ನೆಲಕ್ಕಿಳಿಸುತ್ತ, ಕೈ ಬದಲಿಸುತ್ತ ಇಳಿದುಹೋದರು. ತಿರುವು ದಾಟುವ ಮೊದಲೇ ನರಳಾಟ ನಿಂತಿತ್ತು.

ನಾನು ಚೀಟಿ ತೆಗೆದು ತೋರಿಸಿದೆ. ಗಾರ್ಡು ನನಗೆ ಸಲಾಮು ಹೊಡೆದು ಗೇಟು ತೆಗೆದ.

“ಊರುಗೋಲು ಭಾಳ ಛಲೋ ಐತ್ರಿ ಸಾಹೇಬ್ರ.”

ಬೆಳಿಗ್ಗೆ ಮೇಲಿನ ಮೆಳೆಯಲ್ಲಿ ನಾನೇ ಕಡಿದುಕೊಂಡ ಬಿದಿರು ಅದು. ಕಡಿದ ತುದಿಯ ಹಸಿ ಇನ್ನೂ ಆರಿರಲಿಲ್ಲ.