ಶ್ರೀಪಾಲನ ಓಡುವ ಹಲಗೆ

ಶ್ರೀಪಾಲ ಚೌಗುಲೆ ತನ್ನ ತಪ್ಪು ಒಪ್ಪಿಕೊಳ್ಳದ ಮನುಷ್ಯ. ಅವನನ್ನು ಸುಳ್ಳುಗಾರ ಎನ್ನಲಾರೆ, ಸೋಮಾರಿಯಂತೂ ಅಲ್ಲವೇ ಅಲ್ಲ. ಆದರೆ ಅವನ ಕೈಯಲ್ಲಿ ಕೆಟ್ಟದ್ದು ಯಾವುದೂ ಅವನಿಂದ ಕೆಟ್ಟದ್ದಲ್ಲ. ಮೋಟಾರು ಸುಟ್ಟರೆ ಕರೆಂಟಿನ ತಪ್ಪು, ಬೋಲ್ಟು ಕಳಚಿದರೆ ರಸ್ತೆಯ ತಪ್ಪು. ಅವನ ಹೆಂಡತಿ ಸೀತಾಬಾಯಿ ಒಮ್ಮೆ ನನ್ನೆದುರೇ ಹೇಳಿದಳು: “ನಮ್ಮ ಮದಿವಿ ಆದದ್ದೂ ಪಂಚಾಂಗದ ತಪ್ಪ ಅಂತಾರ್ರಿ ಬಾಯಾರ.”

ಅವನು ನಗಲಿಲ್ಲ. “ಪಂಚಾಂಗ ನೋಡಿದಾವ ನಿಮ್ಮ ಕಾಕಾ,” ಎಂದ.

ಅಂಕಲಗಿಯ ಒಕ್ಕಲು ಮನೆತನದಲ್ಲಿ ಹುಟ್ಟಿದವನು. ಹೊಲ ಅಣ್ಣಂದಿರಿಗೆ ಬಿಟ್ಟು, ಗಿರಣಿಯೊಂದರಲ್ಲಿ ಮೋಟಾರಿಗೆ ತಂತಿ ಸುತ್ತುವ ಕೆಲಸ ಕಲಿತು, ಘಟಪ್ರಭಾದ ಸ್ಟೇಷನ್ ರಸ್ತೆಯಲ್ಲಿ ಅಂಗಡಿ ಹಾಕಿದ. ಮೋಟಾರು ರಿವೈಂಡಿಂಗ್, ಬ್ಯಾಟರಿ ಚಾರ್ಜಿಂಗ್. ಜೈನರ ಪದ್ಧತಿಯಂತೆ ಹೊತ್ತು ಮುಳುಗುವ ಮೊದಲೇ ಊಟ ಮುಗಿಸಬೇಕಾದ್ದರಿಂದ ಸಂಜೆ ಗಿರಾಕಿ ನಿಂತಿರುವಂತೆಯೇ ಕದ ಹಾಕಿ ಹೊರಡುತ್ತಿದ್ದ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತಳಾದ ಮೇಲೆ ನಾನು ಆ ಅಂಗಡಿಯ ಎದುರಿನ ಮನೆಯಲ್ಲಿದ್ದೆ. ಇದು ತೊಂಬತ್ತೆಂಟನೆಯ ಇಸವಿಯ ಮಾತು.

ಸ್ಟೇಷನ್ ಹತ್ತಿರದ ಎಸ್.ಟಿ.ಡಿ. ಬೂತಿನಲ್ಲಿ ಸಪ್ನಾ ಎಂಬ ಹುಡುಗಿ ಕೂಡುತ್ತಿದ್ದಳು. ಗೂಡ್ಸ್ ಶೆಡ್ಡಿನ ಹಮಾಲ ದುರ್ಗಪ್ಪನ ಮಗಳು. ಪೋಲಿಯೋದಿಂದ ಎರಡೂ ಕಾಲು ಬಲವಿಲ್ಲದಂತಾಗಿದ್ದವು. ಗಾಲಿಯಾಗಿ ನಾಲ್ಕು ಬೇರಿಂಗ್ ಬಡಿದ ಹಲಗೆಯ ಮೇಲೆ ಕುಳಿತು, ಅಂಗೈಯಿಂದ ನೆಲವನ್ನು ಹಿಂದಕ್ಕೆ ತಳ್ಳುತ್ತ ಓಡಾಡುತ್ತಿದ್ದಳು. ಮನೆಯಿರುವುದು ರೈಲ್ವೆ ಗೇಟಿನ ಆಚೆ. ಗೇಟಿನಿಂದ ಅಂಗಡಿ ಸಾಲಿನವರೆಗೆ ಏರು. ಆ ಏರನ್ನು ಒಬ್ಬಳೇ ಹತ್ತಲಾರಳು. ದಿನವೂ ಯಾರಾದರೂ ನೂಕಬೇಕು.

ಒಂದು ದಿನ ಶ್ರೀಪಾಲ ಅಂಗಡಿಯ ಕಟ್ಟೆಯಿಂದಲೇ ಕೇಳಿದ: “ಸಪ್ನಾ, ಇದಕ್ಕ ಮೋಟಾರ ಕುಂಡ್ರಿಸಿದರ?”

“ಕುಂಡ್ರಸ್ರಿ ಕಾಕಾ. ಮೊದಲನೇ ಟಿಕೆಟ್ ನಿಮಗ ಹರದು ಕೊಡ್ತೇನಿ,” ಎಂದಳು ಅವಳು.

ಹುಕ್ಕೇರಿಯ ಗುಜರಿಯಿಂದ ಡಿ.ಸಿ. ಮೋಟಾರು ಬಂತು. ಹಲಗೆಯ ಹಿಂದೆ ಕಾರಿನ ಹಳೆಯ ಬ್ಯಾಟರಿ, ಮುಂದೆ ಟ್ರ್ಯಾಕ್ಟರಿನ ಸ್ಟಾರ್ಟರ್ ಬಟನ್. ಒತ್ತಿದರೆ ಓಡಬೇಕು, ಬೆರಳೆತ್ತಿದರೆ ಮೋಟಾರು ನಿಲ್ಲಬೇಕು. ನಿಲ್ಲಿಸಲು ಒಂದು ಹಿಡಿಕೆ. ಎಳೆದರೆ ಟೈರಿನ ತುಂಡು ಗಾಲಿಗೆ ಒತ್ತುತ್ತಿತ್ತು.

ಮೊದಲು ಬ್ಯಾಟರಿಯ ಆ್ಯಸಿಡ್ ಚೆಲ್ಲಿ ಅವಳ ಸೀರೆ ಸುಟ್ಟಿತು. “ಸೀರಿ ಜೋತುಬಿಟ್ಟದ್ದು ಯಾರ ತಪ್ಪು?” ಎಂದ. ಬೇರಿಂಗಿನ ಕಬ್ಬಿಣ ಡಾಂಬರಿನ ಮೇಲೆ ಜಾರಿತು. ಅದು ಡಾಂಬರಿನ ತಪ್ಪು. ಕೈಗಾಡಿಯ ರಬ್ಬರ್ ಗಾಲಿ ಹಾಕಿದ. ಅದುರಿ ಅದುರಿ ನಟ್ಟು ಸಡಿಲಾಗಿ ಗಾಲಿಯೊಂದು ತಾನೇ ಮುಂದೆ ಓಡಿ ಚಹಾದಂಗಡಿ ಹೊಕ್ಕಿತು. “ಹಾರ್ಡ್‌ವೇರ್ ಅಂಗಡಿಯವನ ಮಾಲು ಸರಿ ಇಲ್ಲ,” ಎಂದು, ಪ್ರತಿ ಬೋಲ್ಟಿಗೂ ಎರಡೆರಡು ನಟ್ಟು ಬಿಗಿದ.

ಆಮೇಲೆ ಅದು ಓಡಿತು. ಓಡಿದ್ದನ್ನು ನಾನು ಕಂಡಿದ್ದೇನೆ. ಮೂವತ್ತು ವರ್ಷ ಬಲ, ವೇಗ, ಘರ್ಷಣೆ ಎಂದು ಕರಿಹಲಗೆಯ ಮೇಲೆ ಬರೆದವಳು ನಾನು. ಬೇರೊಂದು ಹಲಗೆ ಆ ಏರನ್ನು ಹತ್ತಿ ಬರುವಾಗ ಚಪ್ಪಲಿ ಮೆಟ್ಟದೆ ರಸ್ತೆಗೆ ಇಳಿದೆ. ಎಂಜಿನ್ನಿನ ಸದ್ದಿಲ್ಲ, ಹೊಗೆಯಿಲ್ಲ, ನೂಕುವವರಿಲ್ಲ. ಬೆನ್ನು ನೆಟ್ಟಗೆ ಮಾಡಿ ಕುಳಿತ ಹೆಣ್ಣುಮಗಳು ನೆಲದಿಂದ ಗೇಣು ಮೇಲೆ ತೇಲಿದಂತೆ ಬಂದಳು. ಅಡ್ಡ ನಿಂತಿದ್ದ ಎಮ್ಮೆ ಸಹ ತಿರುಗಿ ನೋಡಿ ದಾರಿ ಬಿಟ್ಟಿತು. ಅಂಗಡಿಗಳವರು ಗಿರಾಕಿಗಳನ್ನು ಬಿಟ್ಟು ಹೊರಗೆ ಬಂದು ನಿಂತರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಗುಡಿಯಲ್ಲಿ ನಿಂತಂತೆ ನಿಂತಿದ್ದರು.

ಆ ವರ್ಷ ನವರಾತ್ರಿಯ ಖಂಡೇಪೂಜೆಗೆ ಅಂಗಡಿಯ ಯಂತ್ರಗಳ ಸಾಲಿನಲ್ಲಿ ಸಪ್ನಾಳ ಹಲಗೆಯೂ ಇತ್ತು. ನಮ್ಮ ಕಡೆ ಯಂತ್ರದ ಮುಂದೆ ಕಾಯಿ ಒಡೆದು, ಅದರ ನೀರನ್ನು ಯಂತ್ರದ ಮೇಲೇ ಸುರಿಯುವುದು ರೂಢಿ. ಶ್ರೀಪಾಲ ಹಾಗೆಯೇ ಮಾಡಿದ. ಹಲಗೆಯ ಮೇಲೆ ಇತರ ಯಂತ್ರಗಳಿಗಿಂತ ಹೆಚ್ಚೇ ಸುರಿದ.

ಮರುದಿನ ಸಂಜೆ ಸಪ್ನಾ ಮನೆಗೆ ಹೊರಟಳು. ಅಂಗಡಿ ಸಾಲಿನ ಮಟ್ಟಸ ರಸ್ತೆ ಮುಗಿಯುವವರೆಗೆ ಬಟನ್ ಒತ್ತಿ, ಇಳಿಜಾರು ಬಂದೊಡನೆ ಬೆರಳೆತ್ತಬೇಕು. ಎತ್ತಿದಳು. ಮೋಟಾರು ನಿಲ್ಲಲಿಲ್ಲ. ಹಿಡಿಕೆ ಎಳೆದಳು; ಟೈರಿನ ತುಂಡು ಹೊಗೆಯಾಡಿತೇ ಹೊರತು ಮೋಟಾರು ಮಣಿಯಲಿಲ್ಲ. ಕೆಳಗೆ ಗೇಟು ಹಾಕಿತ್ತು, ರೈಲು ಬರುವ ಹೊತ್ತು. ಅವಳು ಮೈಯನ್ನು ಒಂದೇ ಕಡೆ ವಾಲಿಸಿ ರಸ್ತೆ ಬದಿಯ ಚರಂಡಿಗೆ ಉರುಳಿದಳು. ಮಣಿಕಟ್ಟು ಮುರಿಯಿತು. ಹಲಗೆ ಗೇಟಿನ ಕಂಬಕ್ಕೆ ಬಡಿದು ಮಗುಚಿತು. ಅಂಗಾತ ಬಿದ್ದ ಜೀರುಂಡೆಯಂತೆ ಗಾಲಿಗಳು ತಿರುಗುತ್ತಲೇ ಇದ್ದವು. ಶ್ರೀಪಾಲ ಓಡಿಬಂದು ಬ್ಯಾಟರಿಯ ವಾಯರು ಕತ್ತರಿಸಿದ ಮೇಲೆ ನಿಂತವು.

“ಆಕಿ ಅಂಜಿ ಬೆರಳ ಒತ್ತಿ ಹಿಡದಾಳ,” ಎಂದ ಅವನು, ನೆರೆದವರಿಗೆಲ್ಲ ಕೇಳುವಂತೆ.

“ಬೆರಳ ಎತ್ತಿದ್ದೆನ್ರಿ ಕಾಕಾ,” ಎಂದಳು ಸಪ್ನಾ ಚರಂಡಿಯಿಂದ.

ಜನ ಶ್ರೀಪಾಲನ ಮಾತು ನಂಬಿದರು. ದುರ್ಗಪ್ಪನೂ ನಂಬಿದ. “ಸಾಕು. ಹಲಗೀನೂ ಬ್ಯಾಡ, ಬೂತೂ ಬ್ಯಾಡ. ಮನ್ಯಾಗ ಕೂಡು,” ಎಂದ.

ಕೆಲವು ದಿನಗಳ ಮೇಲೆ ನನ್ನ ಮಿಕ್ಸರನ್ನು ರಿಪೇರಿಗೆಂದು ಅವನ ಅಂಗಡಿಗೆ ಒಯ್ದಿದ್ದೆ. ಶ್ರೀಪಾಲ ನೆಲದ ಮೇಲೆ ಕುಳಿತು ಮೂಲೆಯಲ್ಲಿದ್ದ ಹಲಗೆಯನ್ನೇ ನೋಡುತ್ತಿದ್ದ. ಇರುವೆಗಳ ಸಾಲೊಂದು ಗೋಡೆಯಿಂದಿಳಿದು ಬಟನ್ನಿನ ಒಳಗೆ ಹೋಗಿ ಬರುತ್ತಿತ್ತು. ಇರುವೆ ಕೊಲ್ಲುವ ಮನೆತನವಲ್ಲ. ದೂರದಲ್ಲಿ ಬೆಲ್ಲದ ಚೂರಿಟ್ಟು, ಅವೆಲ್ಲ ಆ ಕಡೆ ಹೋಗುವವರೆಗೆ ಕಾದ. ನಾನೂ ಕಾದೆ. ಆಮೇಲೆ ಬಟನ್ ಬಿಚ್ಚಿದ. ಒಳಗಿನ ಸ್ಪ್ರಿಂಗಿನ ಸುತ್ತ ಗೋಂದಿನಂಥದ್ದು ಕಟ್ಟಿತ್ತು. ಮೂಸಿ ನೋಡಿದ. ನಾನು ಅವನ ಬಾಯಿಯನ್ನೇ ನೋಡುತ್ತಿದ್ದೆ.

“ಕಾಯಿ ಭಾಳ ಸೀ ಇತ್ತು,” ಎಂದ. ಬಟನ್ನನ್ನು ಮೊದಲಿನಂತೆ ಜೋಡಿಸಿ ಕಿಸೆಗೆ ಹಾಕಿಕೊಂಡ.

ಹೊಸ ಬಟನ್ನಿಗೆ ಸೈಕಲ್ ಟ್ಯೂಬಿನ ಟೊಪ್ಪಿಗೆ ಹಾಕಿದ. ಬ್ಯಾಟರಿಯ ವಾಯರಿನ ನಡುವೆ ಒಂದು ತಾಮ್ರದ ಬೆಣೆ ಸಿಕ್ಕಿಸಿ, ಅದಕ್ಕೆ ಹಗ್ಗ ಕಟ್ಟಿದ. ಬಟನ್ ಏನೇ ಆಗಲಿ, ಹಗ್ಗ ಎಳೆದರೆ ಬೆಣೆ ಕಿತ್ತು ಬಂದು ಕರೆಂಟು ಕಡಿಯಬೇಕು. ಆಮೇಲೆ ದುರ್ಗಪ್ಪನನ್ನು ಕರೆಸಿ ಗೇಟಿನ ಬಳಿ ನಿಲ್ಲಿಸಿದ. ತನ್ನ ಎರಡೂ ಕಾಲುಗಳನ್ನು ಟವೆಲ್ಲಿನಿಂದ ಬಿಗಿದುಕೊಂಡು, ಬಟನ್ ಮೇಲೇಳದಂತೆ ತಂತಿ ಸುತ್ತಿ, ಐವತ್ತು ದಾಟಿದ ಆ ಮನುಷ್ಯ ಹಲಗೆಯ ಮೇಲೆ ಕುಳಿತು ಇಳಿಜಾರಿಗೆ ಬಿಟ್ಟುಕೊಂಡ. ಧೋತರದ ಚುಂಗು ಹಿಂದೆ ಹಾರುತ್ತಿತ್ತು. ಮುಖದಲ್ಲಿ ಏನೂ ಇರಲಿಲ್ಲ. ಮುಚ್ಚಿದ ಗೇಟು ಹತ್ತಿರವಾಗುತ್ತಿತ್ತು, ಅವನ ಕೈ ಹಗ್ಗದ ಮೇಲೆ ಸುಮ್ಮನಿತ್ತು. ಕೊನೆಗೆ ಹಗ್ಗ ಎಳೆದ, ಹಿಡಿಕೆ ಎಳೆದ. ಹಲಗೆ ದುರ್ಗಪ್ಪನ ಕಾಲ ಬುಡದಲ್ಲಿ ನಿಂತಿತು.

ದುರ್ಗಪ್ಪ ಬಗ್ಗಿ, ಕಿತ್ತು ಬಂದ ಬೆಣೆಯನ್ನು ಮುಟ್ಟಿ ನೋಡಿದ. “ಹಲಗಿ ಛಲೋ ಐತ್ರಿ ಚೌಗುಲೇರ. ಹಲಗೀ ಮಾತಲ್ಲ. ಆಕಿ ಬೆರಳ ಮತ್ತ ಅಂಜಿದರ? ನೀವ ಹೇಳಿದ್ರಲ್ಲ.”

ಶ್ರೀಪಾಲ ಕಾಲಿನ ಟವೆಲ್ ಬಿಚ್ಚಿಕೊಂಡು, ಹಲಗೆ ಎತ್ತಿಕೊಂಡು ಏರು ಹತ್ತಿದ.

ದೀಪಾವಳಿಯ ಪಾಡ್ಯ ಬಂತು. ಅಂಗಡಿ ಪೂಜೆಗೆ ಓಣಿಯವರೆಲ್ಲ ಬಂದಿದ್ದರು. ದುರ್ಗಪ್ಪ ಮಗಳನ್ನು ಎತ್ತಿಕೊಂಡು ಬಂದು ಕಟ್ಟೆಯ ಮೇಲೆ ಕೂಡಿಸಿದ್ದ. ಕೈಗೆ ಇನ್ನೂ ಪಟ್ಟಿ ಇತ್ತು. ಯಂತ್ರಗಳ ಸಾಲಿನ ಕೊನೆಯಲ್ಲಿ ಹಲಗೆಗೂ ಸೀತಾಬಾಯಿ ಚೆಂಡುಹೂ ಏರಿಸಿದ್ದಳು. ಗಂಡನ ಕೈಗೆ ಕಾಯಿ ಕೊಟ್ಟಳು.

ಶ್ರೀಪಾಲ ಇನ್ನೊಂದು ಕೈಯಿಂದ ಕಿಸೆಯಲ್ಲಿದ್ದ ಹಳೆಯ ಬಟನ್ ತೆಗೆದು ದುರ್ಗಪ್ಪನಿಗೆ ಹಿಡಿದ.

“ಒತ್ತ್ರಿ.”

ದುರ್ಗಪ್ಪ ಮೂಟೆ ಹೊರುವ ಹೆಬ್ಬೆರಳಿನಿಂದ ಒತ್ತಿದ.

“ಎತ್ತ್ರಿ.”

ಎತ್ತಿದ. ಬಟನ್ ಒಳಗೇ ಉಳಿಯಿತು. ದುರ್ಗಪ್ಪ ಬಟನ್ ನೋಡಿದ, ಮಗಳನ್ನು ನೋಡಿದ.

ಅಷ್ಟರಲ್ಲಿ ಶ್ರೀಪಾಲ ಕಾಯಿ ಹಿಡಿದು ಯಂತ್ರಗಳನ್ನೆಲ್ಲ ದಾಟಿ ರಸ್ತೆಗೆ ಇಳಿದಿದ್ದ. ಓಣಿಯವರು ನೋಡುತ್ತಿದ್ದಂತೆ ರಸ್ತೆ ಬದಿಯ ಕಲ್ಲಿಗೆ ಕಾಯಿ ಒಡೆದು, ನೀರನ್ನೆಲ್ಲ ಮಣ್ಣಿಗೆ ಚೆಲ್ಲಿದ. ಹೊಸ ಧೋತರಕ್ಕೆ ಕೈ ಒರೆಸಿಕೊಂಡ. ಒಣಗಿದೆಯೇ ಎಂದು ಬೆರಳು ಬೆರಳು ತಿಕ್ಕಿ ನೋಡಿ, ಒಳಗೆ ಬಂದು ಬೆಣೆಯ ಹಗ್ಗದ ತುದಿಯನ್ನು ಸಪ್ನಾಳ ಕೈಗೆ ಕೊಟ್ಟ.